ದೇವಗಿರಿ ದುರ್ಗದ ಅಧ್ಯಯನ ಪ್ರವಾಸ: ಪೂರ್ವಸಿದ್ಧತೆಯನ್ನು ಕುರಿತ ಕೆಲವು ವಿಚಾರಗಳು

ಇತಿಹಾಸದ ಅಭ್ಯಾಸದಲ್ಲಿ ಕ್ಷೇತ್ರದರ್ಶನಕ್ಕೆ ಸಲ್ಲುವ ಸ್ಥಾನವನ್ನು ಕುರಿತು ಈಗ ಯಾರೂ ವಾದ ಹೂಡುವುದಿಲ್ಲ. ಗ್ರಂಥಾಲಯದಲ್ಲಿ ಕುಳಿತು ಓದಿದ ಮುತ್ತಿಗೆಯ ವರ್ಣನೆಗೂ ಆ ಮುತ್ತಿಗೆ ನಡೆದ ಗೋಡೆಯ ಬುಡದಲ್ಲಿ ನಿಂತಾಗ ಹೊಳೆಯುವ ಅರ್ಥಕ್ಕೂ ಬಹಳ ವ್ಯತ್ಯಾಸವುಂಟು. ಆದರೆ ದರ್ಶನಮಾತ್ರದಿಂದಲೇ ಜ್ಞಾನವುಂಟಾಗುವುದೆಂದು ಭಾವಿಸುವುದು ಸರಿಯಲ್ಲ. ಗಿರಿದುರ್ಗವೊಂದನ್ನು ಹತ್ತಿಳಿದು ಬಂದ ವಿದ್ಯಾರ್ಥಿಗಳನ್ನು ಏನು ಕಂಡಿರೆಂದು ವಿಚಾರಿಸಿದರೆ ಮೆಟ್ಟಿಲುಗಳ ಎಣಿಕೆ, ತೋಪಿನ ಗಾತ್ರ, ಕತ್ತಲ ದಾರಿಯಲ್ಲಿ ಹಾರಿದ ಬಾವಲಿ, ಶಿಖರದಿಂದ ಕಂಡ ನೋಟ ಇಷ್ಟೇ ಉತ್ತರವಾಗಿ ಬರುವುದುಂಟು. ಅವರ ಕಣ್ಣುಗಳಲ್ಲಿ ದೋಷವಿಲ್ಲ; ಯಾವ ಪ್ರಶ್ನೆಯನ್ನು ಕೊಂಡೊಯ್ಯಬೇಕೆಂಬುದನ್ನು ಅವರಿಗೆ ಮೊದಲೇ ತಿಳಿಸಿರುವುದಿಲ್ಲ. ಆದಕಾರಣ ಪ್ರವಾಸದ ಸಿದ್ಧತೆಯೆಂದರೆ ಗಾಡಿ, ವಸತಿ, ಊಟಗಳ ಏರ್ಪಾಡು ಮಾತ್ರವಲ್ಲ, ಪ್ರಶ್ನೆಗಳ ಏರ್ಪಾಡು ಕೂಡ ಎಂಬುದನ್ನು ಒಂದು ನಿದರ್ಶನದ ಮೂಲಕ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ನಿದರ್ಶನಕ್ಕೆ ನಾವು ಆರಿಸಿಕೊಂಡಿರುವುದು ಮಹಾರಾಷ್ಟ್ರದ ದೇವಗಿರಿ, ಎಂದರೆ ದೌಲತಾಬಾದ್ ದುರ್ಗ.

೧. ದೇವಗಿರಿಯೇ ಏಕೆ?

ಛತ್ರಪತಿ ಸಂಭಾಜಿನಗರದಿಂದ (ಹಿಂದಿನ ಔರಂಗಾಬಾದಿನಿಂದ) ವಾಯವ್ಯಕ್ಕೆ ಸುಮಾರು ೧೫ ಕಿಲೋಮೀಟರು ದೂರದಲ್ಲಿ, ಎಲ್ಲೋರದ ದಾರಿಯ ಮಗ್ಗುಲಲ್ಲಿ, ಬಯಲಿನಿಂದ ಸುಮಾರು ೨೦೦ ಮೀಟರು ಎತ್ತರಕ್ಕೆ ಒಂಟಿಯಾಗಿ ಎದ್ದುನಿಂತಿರುವ ಶಂಕುವಿನಾಕಾರದ ಬೆಟ್ಟವೇ ದೇವಗಿರಿ. ದಖ್ಖನಿನ ಕರಿಯ ಅಗ್ನಿಶಿಲೆಯಿಂದಾದ ಈ ಬೆಟ್ಟದ ಕೆಳಭಾಗವನ್ನು ಸುತ್ತಲೂ ಕಡಿದು, ಸುಮಾರು ೫೦ ಮೀಟರು ಎತ್ತರದವರೆಗೆ ಗೋಡೆಯಂತೆ ನೆಟ್ಟಗೆ ಮಾಡಿದ್ದಾರೆ. ಅದರ ಬುಡದಲ್ಲಿ ಬಂಡೆಯಲ್ಲಿಯೇ ತೋಡಿದ ಕಂದಕವಿದೆ. ಕಂದಕದಿಂದಾಚೆಗೆ ಒಂದರ ಹೊರಗೊಂದರಂತೆ ಕಾಲಾಕೋಟ್, ಮಹಾಕೋಟ್, ಅಂಬರಕೋಟ್ ಎಂಬ ಮೂರು ಕೋಟೆಗಳ ಸುತ್ತುಗಳಿವೆ. ಪ್ರಕೃತಿಯ ಕೆಲಸ ಎಲ್ಲಿ ಮುಗಿಯಿತು, ಮನುಷ್ಯನ ಕೆಲಸ ಎಲ್ಲಿ ಮೊದಲಾಯಿತು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ದುರ್ಗಗಳು ನಮ್ಮ ದೇಶದಲ್ಲಿ ಅಪರೂಪ.

ಕನ್ನಡ ನಾಡಿನ ಅಭ್ಯಾಸಿಗಳಿಗೆ ಈ ಸ್ಥಳ ಪರಕೀಯವಾದುದಲ್ಲ. ಇದನ್ನು ರಾಜಧಾನಿಯನ್ನಾಗಿ ಮಾಡಿಕೊಂಡ ಸೇವುಣರು ಮೊದಲು ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಚಾಲುಕ್ಯರ ಬಲ ಕುಗ್ಗಿದಾಗ ಐದನೆಯ ಭಿಲ್ಲಮನು ಸ್ವತಂತ್ರನಾಗಿ, ೧೧೮೭ರ ಸುಮಾರಿಗೆ ಇಲ್ಲಿ ತನ್ನ ಸಿಂಹಾಸನವನ್ನು ನೆಲೆಗೊಳಿಸಿದನು. ಅವನ ೧೧೯೧ರ ಶಾಸನವೊಂದು ಗದಗಿನಲ್ಲಿ ದೊರೆತಿದೆ. ಗದಗಿಗೆ ಸಮೀಪದ ಸೊರಟೂರಿನಲ್ಲಿಯೇ ಹೊಯ್ಸಳ ಎರಡನೆಯ ಬಲ್ಲಾಳನಿಗೂ ಅವನಿಗೂ ಕದನವಾಗಿ, ಭಿಲ್ಲಮನು ಸೋತನು. ಕೃಷ್ಣಾ ತುಂಗಭದ್ರೆಗಳ ನಡುವಣ ನೆಲಕ್ಕಾಗಿ ದೇವಗಿರಿ ದೋರಸಮುದ್ರಗಳ ನಡುವೆ ನಡೆದ ದೀರ್ಘ ಸ್ಪರ್ಧೆಯನ್ನು ಬಿಟ್ಟು ೧೩ನೆಯ ಶತಮಾನದ ಕರ್ನಾಟಕದ ಇತಿಹಾಸವನ್ನು ಬರೆಯುವಂತಿಲ್ಲ. ಸೇವುಣರ ಶಾಸನಗಳು ಕರ್ನಾಟಕದಲ್ಲಿ ಬಹುಸಂಖ್ಯೆಯಲ್ಲಿ ದೊರೆತಿವೆ. ಅವುಗಳಲ್ಲಿ ಕನ್ನಡ ಶಾಸನಗಳು ಹೇರಳವಾಗಿವೆ. ನಮ್ಮ ಸಂಗೀತಶಾಸ್ತ್ರಜ್ಞರು ಇಂದಿಗೂ ಪ್ರಮಾಣವೆಂದು ಮನ್ನಿಸುವ ‘ಸಂಗೀತ ರತ್ನಾಕರ’ವನ್ನು ಶಾರ್ಙ್ಗದೇವನು ರಚಿಸಿದ್ದು ಎರಡನೆಯ ಸಿಂಘಣನ ಆಶ್ರಯದಲ್ಲಿ. ಮುಂದೆ ೧೩೪೭ರಲ್ಲಿ ಬಹಮನಿ ರಾಜ್ಯ ಹುಟ್ಟಿದ್ದು ಇದೇ ದೌಲತಾಬಾದಿನಲ್ಲಿ. ಅನಂತರವೇ ಅದರ ರಾಜಧಾನಿ ನಮ್ಮ ಕಲಬುರಗಿಗೆ ಬಂದಿತು.

೨. ಕೊಂಡೊಯ್ಯಬೇಕಾದ ಪ್ರಶ್ನೆ

ದೇವಗಿರಿಯನ್ನು ಕುರಿತ ಎಲ್ಲ ವರ್ಣನೆಗಳಲ್ಲಿಯೂ ‘ಅಭೇದ್ಯ’ ಎಂಬ ವಿಶೇಷಣ ತಪ್ಪದೆ ಬರುತ್ತದೆ. ಕಡಿದ ಬಂಡೆಯ ಮುಂದೆ ನಿಂತವರಿಗೆ ಆ ಮಾತು ಉತ್ಪ್ರೇಕ್ಷೆಯೆನಿಸುವುದೂ ಇಲ್ಲ. ಹೀಗಿದ್ದರೂ ಈ ದುರ್ಗ ಅನೇಕ ಬಾರಿ ಕೈ ಬದಲಾಯಿಸಿದೆ. ಏರಲಾಗದ ಬೆಟ್ಟ ಸೋತದ್ದು ಹೇಗೆ? ಇದೇ ನಮ್ಮ ಪ್ರಶ್ನೆ. ಇದಕ್ಕೆ ಉತ್ತರವನ್ನು ಸ್ಥಳದಲ್ಲಿಯೇ ಹುಡುಕಬೇಕಾದರೆ ನಾಲ್ಕು ಪ್ರಸಂಗಗಳನ್ನು ಹೊರಡುವ ಮೊದಲೇ ಮನಸ್ಸಿನಲ್ಲಿಟ್ಟುಕೊಂಡಿರಬೇಕು.

ಮೊದಲನೆಯದು ೧೨೯೬ರದು. ಆಗ ಕಡಾ ಪ್ರಾಂತದ ಅಧಿಕಾರಿಯಾಗಿದ್ದ ಅಲಾವುದ್ದೀನ್ ಖಿಲ್ಜಿ ಹಠಾತ್ತಾಗಿ ದಂಡೆತ್ತಿ ಬಂದಾಗ ಸೇವುಣರ ಮುಖ್ಯ ಸೈನ್ಯ ಯುವರಾಜ ಶಂಕರದೇವನೊಂದಿಗೆ ದೂರದಲ್ಲಿತ್ತು. ರಾಮಚಂದ್ರನು ದುರ್ಗವನ್ನು ಹೊಕ್ಕು ಬಾಗಿಲು ಹಾಕಿಸಿದನು. ಅವಸರದಲ್ಲಿ ಒಳಗೆ ಸಾಗಿಸಿದ ಮೂಟೆಗಳು ಧಾನ್ಯದವೆಂದು ನಂಬಿದ್ದು ಬಿಚ್ಚಿ ನೋಡಿದಾಗ ಉಪ್ಪಿನವೆಂದು ತಿಳಿದುಬಂದಿತೆಂದೂ, ಆಮೇಲೆ ಸಂಧಿಯಲ್ಲದೆ ಬೇರೆ ದಾರಿಯುಳಿಯಲಿಲ್ಲವೆಂದೂ ಫಿರಿಷ್ತಾ ಹೇಳುತ್ತಾನೆ.

ಎರಡನೆಯದು ಮಹಮ್ಮದ್ ಬಿನ್ ತುಘಲಕನ ಕೊನೆಯ ವರ್ಷಗಳದು. ಅಮೀರರು ದಂಗೆಯೆದ್ದು ಈ ದುರ್ಗವನ್ನು ಹಿಡಿದರು. ಸುಲ್ತಾನನೇ ಬಂದು ಮುತ್ತಿಗೆ ಹಾಕಿದನು. ಆದರೆ ಗುಜರಾತಿನಲ್ಲಿ ತಘಿ ಎಂಬುವನ ದಂಗೆಯ ಸುದ್ದಿ ಬಂದುದರಿಂದ ಸ್ವತಃ ಅತ್ತ ಹೊರಡಬೇಕಾಯಿತು. ದುರ್ಗ ಉಳಿಯಿತು; ೧೩೪೭ರಲ್ಲಿ ಬಹಮನಿ ರಾಜ್ಯದ ಸ್ಥಾಪನೆಗೆ ಎಡೆಯಾಯಿತು.

ಮೂರನೆಯದು ೧೫ನೆಯ ಶತಮಾನದ ಕೊನೆಯದು. ಅಹಮದ್ ನಿಜಾಂ ಷಾ ಈ ಬೆಟ್ಟವನ್ನು ಬಲದಿಂದ ಏರುವ ಆಸೆಯನ್ನು ಕೈಬಿಟ್ಟು, ವರ್ಷವರ್ಷವೂ ಬೆಳೆ ಕೊಯ್ಲಿಗೆ ಬರುವ ಹೊತ್ತಿಗೆ ಬಂದು ಸುತ್ತಲ ಸೀಮೆಯನ್ನು ಸೂರೆಮಾಡುವ ಕ್ರಮವನ್ನು ಹಿಡಿದನೆಂದು ಫಿರಿಷ್ತಾ ತಿಳಿಸುತ್ತಾನೆ. ೧೪೯೯ರಲ್ಲಿ ದುರ್ಗ ಅವನ ಕೈಸೇರಿತು.

ನಾಲ್ಕನೆಯದು ೧೬೩೩ರದು. ಮೊಗಲರ ಸೇನಾನಿ ಮಹಾಬತ್ ಖಾನನು ಮುತ್ತಿಗೆ ಹಾಕಿದಾಗ ದುರ್ಗ ಮಲಿಕ್ ಅಂಬರನ ಮಗ ಫತೇಖಾನನ ವಶದಲ್ಲಿತ್ತು. ಮೊಗಲರು ನೆಲದಡಿಯಲ್ಲಿ ಸುರಂಗ ತೋಡಿ, ಮದ್ದಿಟ್ಟು, ಅಂಬರಕೋಟ್ ಮಹಾಕೋಟ್‌ಗಳ ಗೋಡೆಗಳನ್ನು ಒಡೆದರು. ವಿಜಾಪುರದ ರಣದುಲ್ಲಾಖಾನನೇ ಮೊದಲಾದವರು ಒಳಗಿನವರಿಗೆ ಧಾನ್ಯ ಮುಟ್ಟಿಸಲು ಯತ್ನಿಸಿದರೂ ಅದು ಕೈಗೂಡಲಿಲ್ಲ. ಕಡಿದ ಬಂಡೆಯನ್ನು ಯಾರೂ ಏರಲಿಲ್ಲ. ಹಸಿವಿನಿಂದ ಕಂಗೆಟ್ಟ ಫತೇಖಾನನು ತಾನಾಗಿಯೇ ದುರ್ಗವನ್ನು ಒಪ್ಪಿಸಿದನು. ಕರ್ನಾಟಕದ ದಂಡಯಾತ್ರೆಗಳಿಂದ ನಮಗೆ ಪರಿಚಿತನಾದ ರಣದುಲ್ಲಾಖಾನನೇ ಈತ.

ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಗೋಚರವಾಗುತ್ತದೆ. ದುರ್ಗವು ತನ್ನನ್ನು ಆಶ್ರಯಿಸಿದವರಿಗೆ ಜಯವನ್ನು ಕೊಡುವುದಿಲ್ಲ, ಕಾಲವನ್ನು ಕೊಡುತ್ತದೆ. ಆ ಕಾಲ ಮುಗಿಯುವುದರೊಳಗೆ ಹೊರಗಿನಿಂದ ನೆರವು ಬರಬೇಕು, ಇಲ್ಲವೆ ಮುತ್ತಿದವನಿಗೆ ಬೇರೆ ಕಡೆಯಿಂದ ತೊಂದರೆ ಬರಬೇಕು. ಕಾಲದ ಅಳತೆಯನ್ನು ನಿರ್ಧರಿಸುವುದು ಬಂಡೆಯ ಎತ್ತರವಲ್ಲ, ಕಣಜದಲ್ಲಿರುವ ಧಾನ್ಯ ಮತ್ತು ತೊಟ್ಟಿಯಲ್ಲಿರುವ ನೀರು. ಈ ನಿರ್ಣಯ ಸ್ಥಳದ ಸಾಕ್ಷ್ಯಕ್ಕೆ ಹೊಂದುತ್ತದೆಯೆ ಎಂಬುದನ್ನು ಪರೀಕ್ಷಿಸುವುದೇ ಪ್ರವಾಸದ ಕೆಲಸ. ಪ್ರಶ್ನೆಯನ್ನು ಹೀಗೆ ಗೊತ್ತುಮಾಡಿಕೊಂಡರೆ ಏನನ್ನು ನೋಡಬೇಕು, ಎಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

೩. ಋತು, ಕಾಲ ಮತ್ತು ದಾರಿ

ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಅವಧಿ ಪ್ರವಾಸಕ್ಕೆ ಪ್ರಶಸ್ತವಾದುದು. ಏಪ್ರಿಲ್ ಮೇ ತಿಂಗಳುಗಳಲ್ಲಿ ಕರಿಯ ಬಂಡೆ ಕಾದು, ಮಧ್ಯಾಹ್ನದ ಏರಿಕೆ ದುಸ್ಸಾಧ್ಯವಾಗುತ್ತದೆ. ಮಳೆಗಾಲದಲ್ಲಿ ಬೆಟ್ಟ ಹಸುರಾಗಿ ರಮ್ಯವಾಗಿರುವುದೇನೋ ನಿಜ. ಆದರೆ ಮೆಟ್ಟಿಲುಗಳು ಜಾರುತ್ತವೆ, ಗೋಡೆಗಳ ವಿವರವನ್ನು ಗಿಡಬಳ್ಳಿಗಳು ಮುಚ್ಚುತ್ತವೆ. ಆದರೂ ನೀರಿನ ವ್ಯವಸ್ಥೆಯನ್ನೇ ವಿಶೇಷವಾಗಿ ಅಭ್ಯಸಿಸುವವರು ಮಳೆಗಾಲ ಮುಗಿದೊಡನೆ ಹೋಗುವುದು ಲೇಸು. ಯಾವ ಇಳಿಜಾರಿನಿಂದ ನೀರು ಯಾವ ತೊಟ್ಟಿಗೆ ಹರಿದುಬಂದಿತೆಂಬುದರ ಗುರುತುಗಳು ಆಗ ಮಾಸಿರುವುದಿಲ್ಲ.

ಸಾಮಾನ್ಯವಾಗಿ ಪ್ರವಾಸಿಗಳು ದೇವಗಿರಿ, ಖುಲ್ದಾಬಾದ್, ಎಲ್ಲೋರಗಳನ್ನು ಒಂದೇ ದಿನದಲ್ಲಿ ಮುಗಿಸುವರು. ಅಭ್ಯಾಸಿಗಳಿಗೆ ಈ ಕ್ರಮ ಸಲ್ಲದು. ದುರ್ಗವನ್ನು ಹತ್ತಿ ಇಳಿಯುವುದಕ್ಕೆ ಮಾತ್ರವೇ ಮೂರು ಗಂಟೆಗಳಿಗೆ ಕಡಿಮೆಯಾಗದು. ನಿಂತು ಬರೆದುಕೊಳ್ಳಬೇಕಾದರೆ ಒಂದು ಪೂರ್ಣ ದಿನ ಬೇಕು. ರಾಷ್ಟ್ರಕೂಟ ಕೃಷ್ಣನ ಕಾಲದ ಕೈಲಾಸನಾಥ ದೇವಾಲಯವನ್ನುಳ್ಳ ಎಲ್ಲೋರಕ್ಕೆ ಮತ್ತೊಂದು ದಿನವನ್ನು ಮೀಸಲಿಡುವುದು ಯುಕ್ತ. ಎಲ್ಲೋರಕ್ಕೆ ಮಂಗಳವಾರ ರಜೆಯೆಂಬುದನ್ನು ದಿನ ಗೊತ್ತುಮಾಡುವಾಗ ಮರೆಯಬಾರದು. ಈ ಎರಡರ ನಡುವೆ ಬರುವ ಖುಲ್ದಾಬಾದಿನಲ್ಲಿ ಮಲಿಕ್ ಅಂಬರನ ಮತ್ತು ಔರಂಗಜೇಬನ ಸಮಾಧಿಗಳಿವೆ. ದುರ್ಗದ ಹೊರಕೋಟೆಯನ್ನು ಕಟ್ಟಿಸಿದವನ ಸಮಾಧಿಯನ್ನು ದುರ್ಗ ನೋಡಿದ ಮರುದಿನ ಸಂದರ್ಶಿಸುವುದು ಕಾಲಕ್ರಮವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಲು ಸಹಕಾರಿ.

ದುರ್ಗವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಅಳತೆಪಟ್ಟಿ ಹಿಡಿದು ಕೆಲಸ ಮಾಡಬೇಕೆಂದಿರುವ ತಂಡ, ಮುಕ್ಕಾಲಿಯ ಮೇಲೆ ಕ್ಯಾಮರಾ ನಿಲ್ಲಿಸಬೇಕೆಂದಿರುವ ತಂಡ, ಇಲಾಖೆಗೆ ಮುಂಚಿತವಾಗಿ ಬರೆದು ಅನುಮತಿ ಪಡೆಯಬೇಕು. ಮೇಲೆ ಹೋದಂತೆ ನೀರು ದೊರೆಯುವುದೆಂದು ನಂಬಬಾರದು. ಪ್ರತಿಯೊಬ್ಬರೂ ತಮ್ಮ ನೀರನ್ನು ತಾವೇ ಹೊರಬೇಕು. ಕತ್ತಲ ದಾರಿಗೆ ಬ್ಯಾಟರಿ ದೀಪ, ಕಾಲಿಗೆ ಜಾರದ ಪಾದರಕ್ಷೆ, ಬರೆಯಲು ಚೌಕುಳಿ ಗೆರೆಯ ಪುಸ್ತಕ, ದಿಕ್ಸೂಚಿ, ೩೦ ಮೀಟರಿನ ಅಳತೆಪಟ್ಟಿ ಇವಿಷ್ಟು ಸಾಕು. ತಿಂಡಿಯ ಪೊಟ್ಟಣಗಳನ್ನು ಕೈಯಲ್ಲಿ ಹಿಡಿದು ನಡೆದರೆ ಕೋತಿಗಳ ಕಾಟ ತಪ್ಪದು.

ತಂಡದಲ್ಲಿ ಏರಲಾರದವರು ಕೆಲವರಿರುವುದು ಸಹಜ. ಅವರನ್ನು ಬಾಗಿಲಲ್ಲಿ ಕೂರಿಸಿ ಹೋಗುವುದು ಸರಿಯಲ್ಲ, ಅದರ ಅಗತ್ಯವೂ ಇಲ್ಲ. ಬಾಗಿಲುಗಳ ರಚನೆ, ಕೊಳ, ಮಸೀದಿ, ಮಿನಾರು, ಕಂದಕ ಇವೆಲ್ಲವೂ ಬೆಟ್ಟದ ಬುಡದಲ್ಲಿಯೇ ಇವೆ. ನಮ್ಮ ಪ್ರಶ್ನೆಗೆ ಬೇಕಾದ ಸಾಕ್ಷ್ಯದ ಹೆಚ್ಚಿನ ಪಾಲು ದೊರೆಯುವುದೂ ಅಲ್ಲಿಯೇ. ಆದಕಾರಣ ಮೊದಲೇ ಎರಡು ತಂಡಗಳನ್ನು ಮಾಡಿ, ಕೆಳಗಿನ ತಂಡಕ್ಕೆ ಮೇಲಿನದಕ್ಕಿಂತ ಕಡಿಮೆಯಲ್ಲದ ಕೆಲಸವನ್ನು ವಹಿಸಬೇಕು.

೪. ನೋಡುವ ಕ್ರಮ

ಬಹುಮಂದಿ ನೇರವಾಗಿ ಮಹಾಕೋಟ್‌ನ ಹೆಬ್ಬಾಗಿಲಿಗೆ ಹೋಗಿ ಅಲ್ಲಿಂದ ಮೇಲೇರಲು ಆರಂಭಿಸುತ್ತಾರೆ. ನಾವು ಸೂಚಿಸುವುದು ಅದಕ್ಕೂ ಹಿಂದಕ್ಕೆ ಸರಿದು, ಅಂಬರಕೋಟ್‌ನ ಗೋಡೆಯಿಂದಲೇ ಪ್ರಾರಂಭಿಸಬೇಕೆಂದು. ಮುತ್ತಿಗೆ ಹಾಕಿದವನು ಯಾವ ಕ್ರಮದಲ್ಲಿ ಮುನ್ನಡೆಯಬೇಕಾಗಿತ್ತೋ ಆ ಕ್ರಮದಲ್ಲಿಯೇ ಅಭ್ಯಾಸಿಯೂ ಮುನ್ನಡೆಯಬೇಕು. ಆಗ ಒಂದೊಂದು ಸುತ್ತೂ ಯಾವ ಅಪಾಯಕ್ಕೆ ಉತ್ತರವಾಗಿ ಹುಟ್ಟಿತೆಂಬುದು ತಿಳಿಯುತ್ತದೆ.

ಹೆಬ್ಬಾಗಿಲಿನ ಬಳಿ ಗಮನಿಸಬೇಕಾದುದು ಬಾಗಿಲಿನ ಅಂದವನ್ನಲ್ಲ, ದಾರಿಯ ತಿರುವನ್ನು. ಒಂದು ಬಾಗಿಲನ್ನು ದಾಟಿದವನು ಗೋಡೆಗಳಿಂದ ಸುತ್ತುವರಿದ ಅಂಗಳದಲ್ಲಿ ಸಿಕ್ಕಿಬೀಳುತ್ತಾನೆ. ಮುಂದಿನ ಬಾಗಿಲು ಎದುರಿಗಿರುವುದಿಲ್ಲ. ಆನೆಗೆ ಓಡಿಬಂದು ಹಾಯಲು ಬೇಕಾದ ನೇರ ಅಂತರವನ್ನು ಈ ತಿರುವು ಕಸಿದುಕೊಳ್ಳುತ್ತದೆ. ಕದಗಳ ಮೇಲಿನ ಕಬ್ಬಿಣದ ಮುಳ್ಳುಗಳು ಉಳಿದ ಕೆಲಸವನ್ನು ಮಾಡುತ್ತವೆ. ಪ್ರತಿ ಅಂಗಳದ ಉದ್ದಗಲವನ್ನು ಅಳೆದು, ಮೇಲಿನಿಂದ ಬಾಣವನ್ನೋ ಗುಂಡನ್ನೋ ಪ್ರಯೋಗಿಸುವವನಿಗೆ ಎಷ್ಟು ಭಾಗ ಕಾಣುತ್ತಿತ್ತೆಂಬುದನ್ನು ನಕ್ಷೆಯಲ್ಲಿ ಗುರುತಿಸಬಹುದು.

ಒಳಗೆ ಹೋದಂತೆ ಆನೆಯ ಕೊಳವೆಂದು ಹೆಸರಾದ ದೊಡ್ಡ ಜಲಾಶಯ, ೧೩೧೮ರಲ್ಲಿ ಕುತ್ಬುದ್ದೀನ್ ಮುಬಾರಕ್ ಷಾ ಖಿಲ್ಜಿ ಕಟ್ಟಿಸಿದ ಜಾಮಿ ಮಸೀದಿ, ಮತ್ತು ಚಾಂದ್ ಮಿನಾರು ಇವು ಸಿಗುತ್ತವೆ. ಮಸೀದಿಯ ಕಂಬಗಳು ಹಿಂದಿನ ದೇವಾಲಯಗಳಿಂದ ತಂದವು. ೧೯೪೮ರಿಂದೀಚೆಗೆ ಈ ಕಟ್ಟಡದಲ್ಲಿ ಭಾರತಮಾತೆಯ ವಿಗ್ರಹವಿದ್ದು, ಜನರು ಅದನ್ನು ಭಾರತಮಾತಾ ಮಂದಿರವೆಂದು ಕರೆಯುತ್ತಾರೆ. ಒಂದೇ ಕಟ್ಟಡದಲ್ಲಿ ಮೂರು ಕಾಲಗಳ ಸಾಕ್ಷ್ಯ ಸೇರಿರುವುದರಿಂದ ಇಲ್ಲಿ ಆವೇಶಕ್ಕೆ ಎಡೆಗೊಡದೆ ಕಂಬಗಳನ್ನು ಒಂದೊಂದಾಗಿ ನೋಡುವುದು ಅವಶ್ಯ. ಸೇವುಣರ ರಾಜಧಾನಿಯಲ್ಲಿ ಕಣ್ಣಿಗೆ ಬೀಳುವ ಹೆಚ್ಚಿನ ಗೋಡೆಗಳೂ ಬುರುಜುಗಳೂ ಅವರ ಅನಂತರದವು. ಆ ನಗರದ ಶಿಲ್ಪಿಗಳ ಕೈಕೆಲಸವನ್ನು ಅರಿಯಲು ಈ ಕಂಬಗಳು ಮುಖ್ಯವಾದ ಆಧಾರ. ಕಲ್ಯಾಣ ಚಾಲುಕ್ಯರ ಕಾಲದ ಲಕ್ಕುಂಡಿ, ಇಟಗಿಗಳ ಕಂಬಗಳನ್ನು ಮೊದಲೇ ನೋಡಿ ಚಿತ್ರಿಸಿಕೊಂಡಿರುವ ವಿದ್ಯಾರ್ಥಿಗೆ ಇಲ್ಲಿ ಹೋಲಿಕೆ ವ್ಯತ್ಯಾಸಗಳನ್ನು ಗುರುತಿಸುವ ಅವಕಾಶ ದೊರೆಯುತ್ತದೆ.

ಕಾಲಾಕೋಟ್‌ನೊಳಗೆ ಚೀನಿ ಮಹಲ್ ಇದೆ. ಗೋಲ್ಕೊಂಡದ ಕೊನೆಯ ಸುಲ್ತಾನ ಅಬುಲ್ ಹಸನನನ್ನು ೧೬೮೭ರಲ್ಲಿ ರಾಜ್ಯ ಕಳೆದುಕೊಂಡ ಮೇಲೆ ಔರಂಗಜೇಬನು ಸೆರೆಯಲ್ಲಿಟ್ಟದ್ದು ಇಲ್ಲಿ. ಇದರ ಸಮೀಪದ ಬುರುಜಿನ ಮೇಲೆ, ಹಿಂತುದಿಯಲ್ಲಿ ಟಗರಿನ ತಲೆಯನ್ನುಳ್ಳ ದೊಡ್ಡ ತೋಪನ್ನು ಕಾಣಬಹುದು. ಅದರ ಮೇಲಿನ ಬರಹವನ್ನೂ ತಿರುಗುಗೂಟವನ್ನೂ ನೋಡಿದ ಬಳಿಕ, ಬುರುಜಿನಿಂದ ಯಾವ ಯಾವ ದಿಕ್ಕಿಗೆ ಗುಂಡು ಹೋಗುವಂತಿತ್ತೆಂಬುದನ್ನು ದಿಕ್ಸೂಚಿಯಿಂದ ಗೊತ್ತುಮಾಡಬೇಕು.

ಅಲ್ಲಿಂದ ಮುಂದೆ ಕಂದಕ. ಅದನ್ನು ದಾಟಲು ಒಂದೇ ಒಂದು ಕಿರಿದಾದ ಸೇತುವೆ. ಹಳೆಯ ಕಲ್ಲಿನ ದಾರಿ ಕೆಳಮಟ್ಟದಲ್ಲಿದ್ದು, ನೀರನ್ನು ಏರಿಸಿದಾಗ ಮುಳುಗುವಂತೆ ಇದೆ; ಈಗ ನಡೆಯುವುದಕ್ಕೆ ಅದರ ಮೇಲ್ಮಟ್ಟದಲ್ಲಿ ಬೇರೆ ಸೇತುವೆಯಿದೆ. ದಾಟಿದೊಡನೆ ಬೆಟ್ಟದ ಹೊಟ್ಟೆಯಲ್ಲಿ ಕೊರೆದ ಅಂಧೇರಿ ಎಂಬ ಕತ್ತಲ ದಾರಿ. ಬಂಡೆಯೊಳಗೆ ಸುತ್ತಿಸುತ್ತಿ ಏರುವ ಈ ದಾರಿಯ ಮೇಲ್ತುದಿಯನ್ನು ಕಬ್ಬಿಣದ ಮುಚ್ಚಳದಿಂದ ಮುಚ್ಚಿ, ಬೆಂಕಿಯುರಿಸಿ, ಕೆಳಗಿನವರನ್ನು ಹೊಗೆಯಿಂದ ತಡೆಯುವ ಏರ್ಪಾಡಿತ್ತು. ಇದನ್ನು ದಾಟಿದ ಮೇಲೆ ಗಣೇಶನ ಗುಡಿ, ಆಮೇಲೆ ಷಾಜಹಾನನ ೧೬೩೬ರ ಭೇಟಿಯೊಂದಿಗೆ ಹೆಸರು ತಳುಕುಹಾಕಿಕೊಂಡಿರುವ ಬಾರಾದರಿ, ಕೊನೆಗೆ ಶಿಖರ. ೧೬ನೆಯ ಶತಮಾನದಲ್ಲಿ ಈ ದುರ್ಗದ ಅಧಿಕಾರಿಯಾಗಿದ್ದ ಜನಾರ್ದನಸ್ವಾಮಿಯ ಗುಹೆ ಮೇಲ್ಭಾಗದಲ್ಲಿದೆ. ಮರಾಠಿಯ ಸಂತಕವಿ ಏಕನಾಥನಿಗೆ ಆತನೇ ಗುರು. ಯುದ್ಧಕ್ಕಾಗಿ ಕಟ್ಟಿದ ಸ್ಥಳದಲ್ಲಿ ಅಧ್ಯಯನವೂ ಭಕ್ತಿಯೂ ನಡೆದವೆಂಬುದನ್ನು ದುರ್ಗದ ಚರಿತ್ರೆ ಬರೆಯುವವರು ಬಿಡಬಾರದು.

೫. ನೀರಿನ ಲೆಕ್ಕ

ನಮ್ಮ ಮುಖ್ಯ ಪ್ರಶ್ನೆಗೆ ಸ್ಥಳದಲ್ಲಿ ಮಾಡಬಹುದಾದ ಒಂದು ಸರಳ ಪರೀಕ್ಷೆಯನ್ನು ಇಲ್ಲಿ ಸೂಚಿಸುತ್ತೇವೆ. ಆನೆಯ ಕೊಳದ ಒಂದೊಂದು ಬದಿ ಸುಮಾರು ೪೭ ಮೀಟರು. ಆಳ ೬ ಮೀಟರಿಗೂ ಮಿಕ್ಕುದು. ತುಂಬಿದಾಗ ಅದರಲ್ಲಿ ೧೩,೦೦೦ ಘನಮೀಟರಿಗೆ ಕಡಿಮೆಯಿಲ್ಲದಷ್ಟು ನೀರು ಹಿಡಿಯುತ್ತದೆ. ಹೂಳು, ಆವಿ, ಸೋರಿಕೆಗಳಿಗೆಂದು ಧಾರಾಳವಾಗಿ ಕಳೆದು ೧೦,೦೦೦ ಘನಮೀಟರು, ಅಂದರೆ ಒಂದು ಕೋಟಿ ಲೀಟರು ಬಳಕೆಗೆ ಉಳಿಯಿತೆನ್ನೋಣ. ಒಬ್ಬನಿಗೆ ದಿನಕ್ಕೆ ೧೦ ಲೀಟರಿನಂತೆ ೫,೦೦೦ ಮಂದಿಗೆ ೫೦,೦೦೦ ಲೀಟರು ಬೇಕು. ಈ ಲೆಕ್ಕದಂತೆ ಕೊಳದ ನೀರು ೨೦೦ ದಿನ ಬರುತ್ತದೆ. ಕುದುರೆ, ಆನೆ, ಎತ್ತುಗಳನ್ನು ಸೇರಿಸಿದರೆ ದಿನಗಳು ಇಳಿಯುತ್ತವೆ. ಈ ಅಂಕಗಳನ್ನು ಬದಲಿಸಿ ಲೆಕ್ಕ ಮಾಡುವುದು ವಿದ್ಯಾರ್ಥಿಗಳ ಕೆಲಸ. ಮುಖ್ಯವಾದುದು ಲೆಕ್ಕದ ರೀತಿ.

ಆದರೆ ಕೊಳದ ಅಳತೆಗಿಂತ ಹೆಚ್ಚಿನ ಅರ್ಥವುಳ್ಳದ್ದು ಅದರ ಸ್ಥಾನ. ಅದು ಇರುವುದು ಮಹಾಕೋಟ್‌ನೊಳಗೆ, ಕಂದಕದಿಂದ ಹೊರಗೆ. ಬೆಟ್ಟದ ಮೇಲೆ ಬಂಡೆಯಲ್ಲಿ ಕೊರೆದ ತೊಟ್ಟಿಗಳುಂಟು, ಆದರೆ ಕೆಳಗಿನ ಕೊಳದ ಮುಂದೆ ಅವು ಸಣ್ಣವು. ಹೀಗಿರುವಲ್ಲಿ ಮಹಾಕೋಟ್ ಬಿದ್ದ ದಿನವೇ ದುರ್ಗದ ಅತಿ ದೊಡ್ಡ ಜಲನಿಧಿ ಶತ್ರುವಿನ ಪಾಲಾಗುತ್ತದೆ. ಮೇಲೇರಿದ ಸೈನ್ಯ ಚಿಕ್ಕದಾದಷ್ಟೂ ನೀರು ಹೆಚ್ಚು ದಿನ ಬರುವುದು ನಿಜ. ಆದರೆ ಚಿಕ್ಕ ಸೈನ್ಯ ಕೆಳಗಿನ ವಿಸ್ತಾರವಾದ ಗೋಡೆಗಳನ್ನು ಕಾಯಲಾರದು. ದೊಡ್ಡ ಸೈನ್ಯವಾದರೆ ಗೋಡೆಗಳನ್ನು ಕಾಯಬಲ್ಲುದು, ಬೆಟ್ಟದ ಮೇಲೆ ಬದುಕಲಾರದು. ೧೬೩೩ರಲ್ಲಿ ಫತೇಖಾನನು ಸಿಕ್ಕಿಕೊಂಡದ್ದು ಈ ಇಕ್ಕಟ್ಟಿನಲ್ಲಿಯೇ. ಏರಲಾಗದ ಬಂಡೆ ಮೇಲಿದ್ದವರಿಗೆ ರಕ್ಷಣೆಯಾಗಿದ್ದಂತೆ ಸೆರೆಮನೆಯೂ ಆಗಿತ್ತು. ಈ ಮಾತನ್ನು ಕೊಳದ ದಂಡೆಯ ಮೇಲೆ ನಿಂತು, ಒಮ್ಮೆ ಬೆಟ್ಟವನ್ನೂ ಒಮ್ಮೆ ಮಹಾಕೋಟ್‌ನ ಗೋಡೆಯನ್ನೂ ನೋಡಿದಾಗ ಯಾರಿಗೂ ವಿವರಿಸಬೇಕಾಗುವುದಿಲ್ಲ.

೬. ಗ್ರಂಥಸಾಕ್ಷ್ಯ ಮತ್ತು ಸ್ಥಳಸಾಕ್ಷ್ಯ

ಓದಿಕೊಂಡು ಹೋಗಬೇಕಾದ ಲೇಖಕರಲ್ಲಿ ಯಾರು ಎಷ್ಟು ಸಮೀಪದಿಂದ ಬರೆದರೆಂಬುದನ್ನು ತಿಳಿದಿರಬೇಕು. ಉಪ್ಪಿನ ಮೂಟೆಯ ಕಥೆ ಹೇಳುವ ಫಿರಿಷ್ತಾ ಬರೆದದ್ದು ೧೭ನೆಯ ಶತಮಾನದ ಆದಿಯಲ್ಲಿ, ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ. ಘಟನೆಗೂ ಬರವಣಿಗೆಗೂ ನಡುವೆ ೩೦೦ ವರ್ಷಗಳು ಕಳೆದಿದ್ದವು. ಆದುದರಿಂದ ಅದನ್ನು ಹಾಗೆಯೇ ಸ್ವೀಕರಿಸುವಂತಿಲ್ಲ. ಆದರೂ ದುರ್ಗ ಸೋಲುವುದು ಕಣಜದಿಂದ ಎಂಬ ತಿಳಿವಳಿಕೆ ದಖ್ಖನಿನಲ್ಲಿ ಎಷ್ಟು ಬೇರೂರಿತ್ತೆಂಬುದಕ್ಕೆ ಅದು ಸಾಕ್ಷಿ. ತುಘಲಕನ ೧೩೨೭ರ ರಾಜಧಾನಿ ವರ್ಗಾವಣೆಯನ್ನು ವರ್ಣಿಸುವ ಇಸಾಮಿಯಾದರೋ ಆ ಸಂಕಟವನ್ನು ಅನುಭವಿಸಿದ ಮನೆತನದವನು. ಮುಪ್ಪಿನ ವಯಸ್ಸಿನ ಅವನ ಅಜ್ಜ ದೆಹಲಿ ಬಿಟ್ಟು ಹೊರಟ ದಾರಿಯಲ್ಲಿಯೇ ತೀರಿಕೊಂಡನು. ಆದರೆ ಇಸಾಮಿ ತನ್ನ ಕಾವ್ಯವನ್ನು ೧೩೫೦ರಲ್ಲಿ ಮುಗಿಸಿದ್ದು ತುಘಲಕನಿಗೆ ಎದುರುಬಿದ್ದ ಬಹಮನಿ ಸುಲ್ತಾನನ ಆಶ್ರಯದಲ್ಲಿ. ಅವನ ದುಃಖ ನಿಜ, ಅವನ ಪಕ್ಷಪಾತವೂ ನಿಜ; ಓದುಗನು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

೧೪ನೆಯ ಶತಮಾನದ ನಡುಭಾಗದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತಾ, ಬಂಡೆಯ ಮೇಲಣ ದುರ್ಗವನ್ನು ತೊಗಲಿನ ಏಣಿಯಿಂದ ಏರುತ್ತಿದ್ದರೆಂದೂ ರಾತ್ರಿ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರೆಂದೂ, ಅಲ್ಲಿನ ಸೆರೆಮನೆಯಲ್ಲಿ ಬೆಕ್ಕಿಗಿಂತ ದೊಡ್ಡ ಇಲಿಗಳಿದ್ದುವೆಂದೂ ಹೇಳುತ್ತಾನೆ. ಇಲಿಗಳ ಮಾತು ಎಲ್ಲರ ನೆನಪಿನಲ್ಲಿ ಉಳಿಯುತ್ತದೆ; ಅಭ್ಯಾಸಿಯು ಹಿಡಿಯಬೇಕಾದುದು ಏಣಿಯ ಮಾತನ್ನು. ಆಗ ದುರ್ಗಕ್ಕೆ ಏಣಿಯೇ ದಾರಿಯಾಗಿದ್ದರೆ, ಈಗ ನಾವು ನಡೆಯುವ ಕತ್ತಲ ದಾರಿ ಯಾವ ಕಾಲದ್ದು? ಇಡೀ ದಾರಿ ಒಂದೇ ಕಾಲದಲ್ಲಿ ಕೊರೆದದ್ದೇ, ಅಥವಾ ಹಳೆಯ ಗುಹೆಗಳನ್ನು ಮುಂದೆ ಜೋಡಿಸಿದ್ದೇ? ಗೋಡೆಯ ಮೇಲಿನ ಉಳಿಯ ಗುರುತುಗಳು ಎಲ್ಲಿ ಬದಲಾಗುತ್ತವೆ, ಕೊರೆದ ಬಂಡೆ ಮುಗಿದು ಕಟ್ಟಿದ ಕಲ್ಲು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ದೀಪ ಹಿಡಿದು ನೋಡುತ್ತ ಹೋಗಬೇಕು.

ಕಾಲನಿರ್ಣಯದಲ್ಲಿಯೂ ಇಂಥ ಎಚ್ಚರ ಅಗತ್ಯ. ೬೦ ಮೀಟರಿಗೂ ಮಿಕ್ಕ ಎತ್ತರದ ಚಾಂದ್ ಮಿನಾರನ್ನು ಅಲಾವುದ್ದೀನ್ ಬಹಮನಿಯು ೧೪೩೫ರಲ್ಲಿ ಕಟ್ಟಿಸಿದನೆಂಬ ಹೇಳಿಕೆ ಅನೇಕ ಕೈಪಿಡಿಗಳಲ್ಲಿದೆ. ಆದರೆ ಎರಡನೆಯ ಅಲಾವುದ್ದೀನ್ ಅಹಮದನು ಪಟ್ಟಕ್ಕೆ ಬಂದದ್ದು ೧೪೩೬ರಲ್ಲಿ. ಸುಲ್ತಾನನ ಹೆಸರು ಸರಿಯೆಂದಾದರೆ ವರ್ಷ ಸರಿಯಾಗದು. ಮಾರ್ಗದರ್ಶಕರ ಮಾತನ್ನು ಅಲ್ಲಗಳೆಯಬೇಕೆಂದು ನಾವು ಹೇಳುತ್ತಿಲ್ಲ. ಆ ಸ್ಥಳದ ಮೂಲೆಮೂಲೆಯನ್ನು ಬಲ್ಲವರು ಅವರು. ಅವರು ಹೇಳಿದ್ದನ್ನು ಪುಸ್ತಕದ ಒಂದು ಮಗ್ಗುಲಲ್ಲಿಯೂ, ಕಣ್ಣಾರೆ ಕಂಡದ್ದನ್ನು ಇನ್ನೊಂದು ಮಗ್ಗುಲಲ್ಲಿಯೂ ಬೇರೆಬೇರೆಯಾಗಿ ಬರೆದುಕೊಂಡರೆ ಸಾಕು. ಎರಡನ್ನೂ ಬೆರೆಸಿ ಬರೆದ ಟಿಪ್ಪಣಿಯನ್ನು ಊರಿಗೆ ಬಂದ ಮೇಲೆ ಬಿಡಿಸುವುದು ಯಾರಿಂದಲೂ ಸಾಧ್ಯವಿಲ್ಲ.

೭. ಹಿಂದಿರುಗಿದ ಬಳಿಕ

ಪ್ರವಾಸದ ಫಲ ವರದಿಯ ಪುಟಗಳ ಸಂಖ್ಯೆಯಲ್ಲಿಲ್ಲ. ಪ್ರತಿ ತಂಡವೂ ಒಂದು ನಕ್ಷೆ, ಒಂದು ಲೆಕ್ಕ, ಒಂದು ಸಂಶಯ ಈ ಮೂರನ್ನು ತಂದರೆ ಸಾಕೆಂದು ನಮ್ಮ ಅಭಿಪ್ರಾಯ. ನಕ್ಷೆಯೆಂದರೆ ಬಾಗಿಲು, ನೀರು, ದಾರಿಗಳ ಪರಸ್ಪರ ಸ್ಥಾನ. ಲೆಕ್ಕವೆಂದರೆ ಮೇಲೆ ತೋರಿಸಿದಂತಹ ಅಂದಾಜು. ಸಂಶಯವೆಂದರೆ ಓದಿದ್ದಕ್ಕೂ ಕಂಡದ್ದಕ್ಕೂ ಹೊಂದದ ಒಂದು ಸಂಗತಿ. ಈ ಮೂರನೆಯದೇ ಮುಂದಿನ ವರ್ಷದ ತಂಡಕ್ಕೆ ಪ್ರಶ್ನೆಯಾಗುತ್ತದೆ.

ಮತ್ತೊಂದು ಮಾತು. ದೇವಗಿರಿಯ ಕಂಬಗಳ ಮೇಲೆ, ಕತ್ತಲ ದಾರಿಯ ಗೋಡೆಗಳ ಮೇಲೆ ಯಾರೇ ಕೆತ್ತುವ ಒಂದು ಹೆಸರು ಅದರಡಿಯ ಉಳಿಯ ಗುರುತನ್ನು ಶಾಶ್ವತವಾಗಿ ಅಳಿಸುತ್ತದೆ. ೧೯೫೮ರ ಪ್ರಾಚೀನ ಸ್ಮಾರಕಗಳ ಅಧಿನಿಯಮದಂತೆ ಅದು ದಂಡನಾರ್ಹವಾದ ಅಪರಾಧವೆಂಬುದು ಹಾಗಿರಲಿ. ನಾವು ಈಗತಾನೆ ಕೇಳಿದ ಪ್ರಶ್ನೆಗೆ ಉತ್ತರ ದೊರೆಯಬೇಕಾದುದು ಆ ಗುರುತಿನಿಂದಲೇ. ಎಂಟುನೂರು ವರ್ಷಗಳ ಮುತ್ತಿಗೆಗಳನ್ನು ತಾಳಿಕೊಂಡ ಬಂಡೆಗೆ ಈಗ ಬೇಕಾಗಿರುವುದು ಕಾವಲುಗಾರರಿಗಿಂತ ಹೆಚ್ಚಾಗಿ ಅದನ್ನು ಓದಬಲ್ಲವರು. ಅಂಥವರನ್ನು ಸಿದ್ಧಗೊಳಿಸುವ ಹೊಣೆ ವಿಶ್ವವಿದ್ಯಾನಿಲಯದ ವಿಭಾಗಗಳದು; ಆ ಸಿದ್ಧತೆ ಗಾಡಿ ಹತ್ತುವ ದಿನಕ್ಕಿಂತ ಬಹಳ ಮೊದಲೇ ತರಗತಿಯಲ್ಲಿಯೇ ಆರಂಭವಾಗತಕ್ಕದ್ದು.